ಬೀಗ ಬಿದ್ದ ಹೆರಿಗೆ ಆಸ್ಪತ್ರೆ

ಟೈಲರಕ್ಕ ಹುಟ್ಟಿದ್ದು ಮನೆಯೆದುರಿನ ಸರ್ಕಾರಿ ಹೆರಿಗೆ ಆಸ್ಪತ್ರೆಯಲ್ಲಿ. ಬೆಳೆದದ್ದೂ ಅಲ್ಲೇ ಎನ್ನಬೇಕು. ಅವಳ ತಾಯಿ ಅಲ್ಲಿ ಆಯಾ. ಮಗಳು ಕಣ್ಣು ಬಿಡುವ ಮೊದಲೇ ಅಪ್ಪ ಕಣ್ಮರೆಯಾಗಿದ್ದ. ಹಾಗಾಗಿ ಶಾಲೆ ಬಿಟ್ಟೊಡನೆ ಹುಡುಗಿ ಆಸ್ಪತ್ರೆಯ ಉದ್ದನೆಯ ಪಡಸಾಲೆಗೆ ಓಡಿಬರುತ್ತಿದ್ದಳು. ಫಿನಾಯಿಲ್ ವಾಸನೆ, ಕುದಿಯುವ ನೀರಿನ ಹಂಡೆ, ತಾರಸಿಯ ಮೇಲೆ ಪಟಪಟ ಬಡಿದುಕೊಳ್ಳುವ ಬಿಳಿ ಹಾಸುಬಟ್ಟೆಗಳು. ಒಳಗಿನಿಂದ ಹೊಸ ಅಳು ಕೇಳಿದ್ದೇ ತಡ, ಬೆಂಚಿನ ಮೇಲಿದ್ದ ಗಂಡಸರೆಲ್ಲ ಒಟ್ಟಿಗೇ ಎದ್ದು ನಿಲ್ಲುತ್ತಿದ್ದರು.

“ಕೂತ್ಕೊಳ್ರಪ್ಪಾ, ಒಂದು ಮಗೂಗೆ ಇಷ್ಟೊಂದು ಜನ ಅಪ್ಪಂದಿರಾ?” ಎಂದು ಆಯಾ ಗದರಿದರೆ ಪಡಸಾಲೆಗೆ ಪಡಸಾಲೆಯೇ ನಗುತ್ತಿತ್ತು.

ಆಸ್ಪತ್ರೆ ಒಂದೇ ಏಟಿಗೆ ಸಾಯಲಿಲ್ಲ. ಮೊದಲು ಡಾಕ್ಟರಮ್ಮನಿಗೆ ವರ್ಗವಾಯಿತು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಆಮೇಲೊಂದು ಮಳೆಗಾಲ ಹೆರಿಗೆ ಕೋಣೆಯ ಚಾವಣಿಯ ಗಾರೆ ಕಳಚಿ ಬಿತ್ತು. ರಿಪೇರಿ ಆಗುವ ತನಕ ಅಂತ ಗೇಟಿಗೆ ಬೀಗ ಜಡಿದರು. ಬೀಗ ತುಕ್ಕು ಹಿಡಿಯಿತು, ಒಳಗೆ ಪಾರಿವಾಳಗಳು ಸಂಸಾರ ಹೂಡಿದವು. ಅಷ್ಟರಲ್ಲಿ ಟೈಲರಕ್ಕ ಮದುವೆಯಾಗಿ, ಗಂಡನನ್ನು ಕಳೆದುಕೊಂಡು, ಅದೇ ಹಳೇ ಮನೆಯ ಕಿಟಕಿ ಪಕ್ಕ ಹೊಲಿಗೆ ಮೆಷಿನ್ ಹಾಕಿಕೊಂಡು ಮಗಳನ್ನು ಸಾಕುತ್ತಿದ್ದಳು. ಆಸ್ಪತ್ರೆ ತೆರೆಸಿ ಎಂದು ಆರೋಗ್ಯ ಇಲಾಖೆಯ ಆಫೀಸಿಗೆ ಅಲೆದು ಚಪ್ಪಲಿ ಸವೆಸಿದಳು.

“ಫೈಲು ಮೇಲಕ್ಕೆ ಹೋಗಿದೆಯಮ್ಮಾ,” ಅಂದ ಗುಮಾಸ್ತ.

“ಮೇಲಕ್ಕೆ ಹೋದವರು ಯಾರಾದ್ರೂ ವಾಪಸ್ ಬಂದಿದ್ದುಂಟಾ ಸ್ವಾಮಿ?”

ಗುಮಾಸ್ತ ನಕ್ಕ. ಅಷ್ಟೇ.

ಮಗಳು ದೊಡ್ಡವಳಾಗಿ, ಮದುವೆಯಾಗಿ, ಚೊಚ್ಚಲ ಬಸುರಿಯಾಗಿ ತಾಯಿಯ ಹತ್ತಿರ ಬಂದಿದ್ದಳು. ದಿನ ತುಂಬುವ ಮೊದಲೇ ಒಂದು ಮಧ್ಯಾಹ್ನ ನೋವು ಕಾಣಿಸಿತು. ದೊಡ್ಡಾಸ್ಪತ್ರೆ ಇದ್ದದ್ದು ಊರಿನ ಇನ್ನೊಂದು ತುದಿಯಲ್ಲಿ. ಟೈಲರಕ್ಕ ಆಟೋ ಕರೆತಂದಾಗ ಮುದುಕಿ ಆಯಾ ಬಾಗಿಲಿಗೆ ಅಡ್ಡ ನಿಂತಳು. ಆಗಲೇ ಅವಳಿಗೆ ಮರೆವು ಆವರಿಸಿತ್ತು.

“ಆಟೋ ಯಾತಕ್ಕೆ? ಎದುರಿಗೇ ಇದೆಯಲ್ಲೇ, ಮೆಲ್ಲಗೆ ನಡೆಸ್ಕೊಂಡು ಹೋಗು. ಬಿಸಿನೀರು ನಾನಿಡ್ತೀನಿ.”

“ಸರಿಯಮ್ಮಾ, ಸರಿ,” ಎನ್ನುತ್ತ ಟೈಲರಕ್ಕ ತಾಯಿಯನ್ನು ಪಕ್ಕಕ್ಕೆ ಸರಿಸಿ ಮಗಳನ್ನು ಹತ್ತಿಸಿಕೊಂಡಳು.

ಸೇತುವೆಯ ಮೇಲೆ ವಾಹನಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಆಟೋದವನು ಹಾರ್ನ್ ಒತ್ತಿದ, ಇಳಿದು ಕೈಮುಗಿದ, ಕೂಗಾಡಿದ. ಯಾರಿಗೂ ಸರಿಯಲು ಜಾಗವಿರಲಿಲ್ಲ. ಮಗು ಅಲ್ಲೇ, ಟೈಲರಕ್ಕನ ಸೆರಗಿನ ಮೇಲೆ ಹುಟ್ಟಿತು. ಹೆಣ್ಣು. ಟೈಲರಕ್ಕ ಬೆನ್ನು ತಟ್ಟಿದಳು, ಅಂಗಾಲು ಉಜ್ಜಿದಳು, ಬಾಯಿಗೆ ಉಸಿರು ಊದಿದಳು. “ಅಳೇ ಕಂದಾ, ಒಂದ್ಸಲ ಅಳೇ,” ಎಂದು ಗೋಗರೆದಳು. ಅದು ಅಳಲಿಲ್ಲ. ದೊಡ್ಡಾಸ್ಪತ್ರೆಯಲ್ಲಿ ನರ್ಸ್ ಮಗುವನ್ನು ಒಳಗೊಯ್ದು, ಮುಖ ಸಮೇತ ಬಟ್ಟೆಯಲ್ಲಿ ಸುತ್ತಿ ತಂದುಕೊಟ್ಟಳು.

ಬಾಣಂತಿ ಮನೆಗೆ ಬಂದ ದಿನ ಮುದುಕಿ ಮಂಚದ ಹತ್ತಿರ ಬಂದು ಕೇಳಿದಳು, “ಮಗು ಜೋರಾಗಿ ಅತ್ತಿತೇನೇ?”

ಟೈಲರಕ್ಕ ಮಗಳ ಹೊದಿಕೆ ಸರಿಪಡಿಸಿದಳು. ಮಗಳೇ ಗೋಡೆ ಕಡೆಗೆ ತಿರುಗಿಕೊಂಡು, “ಅತ್ತಿತಜ್ಜಿ,” ಅಂದಳು.

ಮೈ ಸುಧಾರಿಸಿದ ಮೇಲೆ ಅವಳು ಗಂಡನ ಮನೆಗೆ ಹೋದಳು. ಕರೆದಾಗಲೆಲ್ಲ ಫೋನಿನಲ್ಲಿ ಒಂದೇ ಮಾತು: “ನಿಮ್ಮನೆ ಕಿಟಕಿಯಿಂದ ಆ ಆಸ್ಪತ್ರೆಯೇ ಕಾಣುತ್ತಮ್ಮಾ. ನಾ ಬರಲ್ಲ.” ಮನೆ ಬದಲಿಸೋಣವೆಂದರೆ ಮುದುಕಿ ಬೇರೆ ಕಡೆ ಒಂದು ದಿನವೂ ನಿಲ್ಲುವವಳಲ್ಲ.

ಮೊನ್ನೆ ಕ್ಯಾಮೆರಾ ಹಿಡಿದ ಇಬ್ಬರು ಬಂದು ಆಸ್ಪತ್ರೆಯ ಕಮಾನುಗಳನ್ನು ಹಾಡಿ ಹೊಗಳಿದರು. ಕಿಟಕಿಯ ಹತ್ತಿರ ಬಗ್ಗಿ, “ನೀವು ಇಲ್ಲೇ ಬೆಳೆದವರಂತೆ. ಏನಾದ್ರೂ ನೆನಪು ಹೇಳಿ ಅಮ್ಮಾ,” ಅಂದರು.

“ಏನೂ ನೆನಪಿಲ್ಲಪ್ಪಾ.”

ಅವರು ಹೋದ ಮೇಲೆ ಟೈಲರಕ್ಕ ಹಲಗೆ ತಂದು ಕಿಟಕಿಗೆ ಅಡ್ಡಲಾಗಿ ಮೊಳೆ ಹೊಡೆದಳು. ಬೆಳಕು ಸಾಲದೆ ಈಗ ಹಗಲಲ್ಲೂ ದೀಪ ಹಾಕಿಯೇ ಹೊಲಿಯುತ್ತಾಳೆ. ಕಿಟಕಿ ಮುಚ್ಚಿದ ಸುದ್ದಿಯನ್ನು ಮಗಳಿಗೆ ಹೇಳಿದ್ದೂ ಆಯಿತು. ಅವಳು ಬಂದಿಲ್ಲ.