ಮಜ್ಜಿಗೆಯಲ್ಲಿ ಬೆರೆಸಿದ್ದು

ತಮ್ಮಾ, ನಿನ್ನ ಮಜ್ಜಿಗೆಯಲ್ಲಿ ಕಾಮಣಿ ರೋಗದ ನಾಟಿ ಪುಡಿ ಬೆರೆಸಿದವಳು ನಾನು. ಆಸ್ಪತ್ರೆಯವರು ಬೇಡವೆಂದಿದ್ದರು, ನೀನೂ ಬೇಡವೆಂದಿದ್ದೆ. ಆದರೂ ನಿನಗೆ ಗೊತ್ತಾಗದಂತೆ ಕುಡಿಸಿದೆ. ಡಾಕ್ಟರು ಕೇಳಿದಾಗ ಇಲ್ಲವೆಂದೆ. ಇಷ್ಟು ವರ್ಷವೂ ಇಲ್ಲವೆಂದೇ ಬದುಕಿದ್ದೇನೆ.

ಹೇಳಿಬಿಟ್ಟೆ — ಆದರೆ ಮನಸ್ಸಿನೊಳಗೆ. ನೀನು ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದೀ. ನಾನಿಲ್ಲಿ ಒಲೆಯ ಮುಂದೆ ಮೊಸರು ಕಡೆಯುತ್ತಾ, ನಿನ್ನೆದುರು ಆಡಬೇಕಾದ ಮಾತನ್ನು ಸಾಲಿಯ ಹುಡುಗಿಯಂತೆ ಬಾಯಿಪಾಠ ಮಾಡುತ್ತಿದ್ದೇನೆ. ಬೆಣ್ಣೆ ಬಂದು ಎಷ್ಟೋ ಹೊತ್ತಾದರೂ ಕಡೆಯುವುದನ್ನು ನಿಲ್ಲಿಸಲಾಗುತ್ತಿಲ್ಲ.

ಶ್ರೀಶೈಲ, ನೀನು ಜೀವಮಾನದಲ್ಲಿ ಒಂದು ಹನಿ ಕುಡಿದವನಲ್ಲ. ಆದರೂ ಹೊಟ್ಟೆಯಲ್ಲಿ ನೀರು ತುಂಬಿ, ಕಾಮಣಿಯಾಗಿ ಕಣ್ಣು ಹಳದಿಯಾದಾಗ ಬನಹಟ್ಟಿಯ ನಮ್ಮ ಓಣಿ ನಿನ್ನನ್ನು ಕುಡುಕನೆಂದಿತು. ರಕ್ತದಲ್ಲಿ ಸೇರಿದ್ದ ವೈರಸ್ಸು ಸದ್ದಿಲ್ಲದೆ ಲಿವರನ್ನು ತಿಂದಿದೆ ಎಂದು ದೂರದ ದೊಡ್ಡ ಆಸ್ಪತ್ರೆಯಲ್ಲಿ ಗೊತ್ತಾಗುವಷ್ಟರಲ್ಲಿ ಬಹಳ ತಡವಾಗಿತ್ತು. ಬೇರೆಯವರ ಲಿವರ್ ಹಾಕಿಸುವುದು ನಮ್ಮ ಕೈಗೆ ನಿಲುಕುವ ಮಾತಾಗಿರಲಿಲ್ಲ. ಆಗ ಡಾಕ್ಟರು ಇನ್ನೊಂದು ದಾರಿ ಹೇಳಿದರು. ನಿನ್ನದೇ ಸೊಂಟದ ಎಲುಬಿನ ಮಜ್ಜೆಯಿಂದ ಜೀವಕೋಶ ತೆಗೆದು, ರಕ್ತನಾಳದ ಮೂಲಕ ಲಿವರಿಗೆ ಬಿಡುತ್ತಾರಂತೆ. ಇನ್ನೂ ಪರೀಕ್ಷೆಯ ಹಂತದ ಚಿಕಿತ್ಸೆ, ಗುಣವಾಗುತ್ತದೆಂದು ಮಾತು ಕೊಡಲಾರೆ ಎಂದರು. ಒಂದೇ ಷರತ್ತು — ಅವರು ಕೊಟ್ಟದ್ದನ್ನು ಬಿಟ್ಟು ಬೇರೆ ಯಾವ ಔಷಧಿಯೂ, ಗಿಡಮೂಲಿಕೆಯೂ ಹೊಟ್ಟೆಗೆ ಹೋಗಕೂಡದು.

ನೀನು ಆ ಷರತ್ತನ್ನು ವ್ರತದಂತೆ ಹಿಡಿದೆ. ನಾನು? ಎಲುಬಿನೊಳಗಿನದು ಲಿವರಿಗೆ ಹೋಗಿ ಏನು ಮಾಡೀತೆಂದು ಒಳಗೊಳಗೇ ನಕ್ಕೆ. ಗಂಡನನ್ನು ಕಳೆದುಕೊಂಡು ತವರಿಗೆ ಬಂದಂದಿನಿಂದ ನಿನಗೆ ಉಣಬಡಿಸಿದವಳು ನಾನು. ನಿನ್ನ ಹೆಂಡತಿ ಗೌರಿ ಮಗ್ಗ ನೋಡಿಕೊಂಡರೆ ಅಡಿಗೆಮನೆ ನನ್ನದೇ. ನಿನ್ನ ಹೊಟ್ಟೆಗೆ ಏನು ಹೋಗಬೇಕೆಂದು ಆ ಬಿಳಿ ಕೋಟಿನವರು ನನಗೆ ಹೇಳುವುದೇ — ಎಂಥ ಸೊಕ್ಕು ನನ್ನದು.

ಲೋಕಾಪುರದ ಆಚೆಯ ಹಳ್ಳಿಯ ಮುದುಕಿಯ ಬಳಿಗೆ ಹೋದೆ. ಅವಳ ಪುಡಿಯಿಂದ ಕಾಮಣಿ ಇಳಿದ ಮಕ್ಕಳನ್ನು ಕಣ್ಣಾರೆ ಕಂಡಿದ್ದೆ. ಅವರದು ತಾನಾಗಿಯೇ ಇಳಿಯುವ ಕಾಮಣಿ, ನಿನ್ನದು ಅಂಥದ್ದಲ್ಲ ಎಂಬುದು ತಿಳಿದದ್ದು ಆಮೇಲೆ. ಆಕೆ ದುಡ್ಡು ಮುಟ್ಟುವವಳಲ್ಲ, ಮುಂದೆ ಒಂದು ತೆಂಗಿನಕಾಯಿ ಇಟ್ಟರಾಯಿತು. ಪುಡಿಯ ಗಂಟನ್ನು ಕೈಗಿಡುತ್ತಾ ಹೇಳಿದಳು:

"ಕುಡಿಯಾಂವಗ ಹೇಳಬ್ಯಾಡ ಯವ್ವಾ. ಔಷಧದ ಹೆಸರ ಎತ್ತಿದ್ರ ಗುಣಾ ಹೋಗತೈತಿ."

ನಾಟಿ ಔಷಧಕ್ಕೆ ನಮ್ಮ ಕಡೆ ಇರುವ ಕಟ್ಟಳೆಯೇ ಅದು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎನ್ನುತ್ತಾರಲ್ಲ, ನನಗೆ ಹಾಗಾಯಿತು. ಕದ್ದು ಮಾಡುವ ಕೆಲಸಕ್ಕೆ ಅಪ್ಪಣೆ ಸಿಕ್ಕಿತು.

ಜೀವಕೋಶ ಹಾಕಿಸಿಕೊಂಡು ಬಂದ ದಿನದಿಂದಲೇ ನಿನ್ನ ಮಜ್ಜಿಗೆಗೆ ಒಂದು ಚಿಟಿಕೆ ಬೀಳತೊಡಗಿತು. ನೀನು ಚೇತರಿಸಿಕೊಂಡೆ. ಹೊಟ್ಟೆಯ ನೀರು ಇಳಿಯಿತು. ಒಂದು ದಿನ ಮಗ್ಗದವರೆಗೆ ನಡೆದುಹೋಗಿ ಸೀರೆಯ ಸೆರಗನ್ನು ಮುಟ್ಟಿ ನೋಡಿದೆ. ಗೌರಿ ಆ ಡಾಕ್ಟರಿಗೆ ಕೈಮುಗಿದಳು. ನಾನು ನನ್ನ ಪುಡಿಗೆ ಕೈಮುಗಿದೆ — ಮರುದಿನದಿಂದ ಇನ್ನೊಂದು ಚಿಟಿಕೆ ಹೆಚ್ಚಿಗೆ ಹಾಕಿದೆ.

ಆಮೇಲೆ ವಾಂತಿ, ಜ್ವರ, ಮೊದಲಿಗಿಂತ ಕಡು ಹಳದಿ. ಮತ್ತೆ ಆಸ್ಪತ್ರೆ. ನಾಟಿ ಔಷಧ, ಕಷಾಯ ಏನಾದರೂ ಕೊಟ್ಟಿರಾ ಎಂದು ಡಾಕ್ಟರು ನನ್ನ ಮುಖ ನೋಡಿಯೇ ಕೇಳಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡಂತೆ ನನ್ನ ಕೈ ಸೊಂಟಕ್ಕೆ ಹೋಯಿತು. ಗಂಟು ಅಲ್ಲೇ ಇತ್ತು.

"ಇಲ್ಲರಿ. ನಮ್ಮ ಮನಿ ಮಜ್ಜಗಿ ಅಷ್ಟ."

ಆಗ ನೀನು, ಕಣ್ಣು ತೆರೆಯುವ ಶಕ್ತಿಯೂ ಇಲ್ಲದವನು, ಹಾಸಿಗೆಯಿಂದಲೇ ನನ್ನ ಪರವಾಗಿ ಸಾಕ್ಷಿ ನುಡಿದೆ:

"ಅಕ್ಕ ಸುಳ್ಳ ಹೇಳಾಂಗಿಲ್ಲರಿ."

ಆ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಜೀವಕೋಶವನ್ನು ನಿನ್ನ ಲಿವರು ತಾಳಿಕೊಳ್ಳಲಿಲ್ಲ ಎಂದು ತೀರ್ಮಾನಿಸಿ ಚಿಕಿತ್ಸೆಯಿಂದ ನಿನ್ನನ್ನು ಕೈಬಿಟ್ಟರು. ಪುಡಿಯನ್ನು ನಾನು ಅಂದೇ ನಿಲ್ಲಿಸಿದೆ. ಹಳದಿ ನಿಧಾನಕ್ಕೆ ಇಳಿಯಿತು, ನೀನು ಉಳಿದೆ. ಆದರೆ ಮತ್ತೆ ಮಗ್ಗದವರೆಗೆ ನಡೆದುಹೋಗುವಷ್ಟು ಉಳಿಯಲಿಲ್ಲ. ಬಂದವರಿಗೆಲ್ಲ ನೀನು ಹೇಳುತ್ತಿದ್ದದ್ದು ಒಂದೇ — ಆ ಚಿಕಿತ್ಸೆ ಕೊಲ್ಲುತ್ತಿತ್ತು, ಅಕ್ಕನ ಮಜ್ಜಿಗೆ ಬದುಕಿಸಿತು. ಬಾಡಗಂಡಿಯಿಂದ ಇದೇ ರೋಗದವನೊಬ್ಬ ಕೇಳಲು ಬಂದಿದ್ದನಲ್ಲ, ನಿನ್ನ ಮಾತು ನಂಬಿ ಅವನು ಆಸ್ಪತ್ರೆಗೆ ಹೋಗಲೇ ಇಲ್ಲ. ಅವನಿಗೆ ನಾನೇ ಚಹಾ ಕೊಟ್ಟೆ. ಅವನು ಈಗ ಹೇಗಿದ್ದಾನೋ, ಇದ್ದಾನೋ... ಕೇಳುವ ಧೈರ್ಯ ನನಗಿಲ್ಲ.

ಮೊದಲು ಆಸ್ಪತ್ರೆಯವರ ಭಯವಿತ್ತು, ಆಮೇಲೆ ನಿನ್ನ ಭಯ, ಆಮೇಲೆ ರೂಢಿಯಾಗಿಹೋಯಿತು. ಮಗ್ಗದಲ್ಲಿ ಹಾಸಿನ ಉದ್ದನೆಯ ಒಂದು ಎಳೆ ಕಡಿದರೆ ಆಗಲೇ ನಿಲ್ಲಿಸಿ ಗಂಟು ಹಾಕಬೇಕು, ಇಲ್ಲದಿದ್ದರೆ ಸೀರೆಯುದ್ದಕ್ಕೂ ಗೀರು ಬೀಳುತ್ತದೆ ಎಂದು ನನಗೆ ಕಲಿಸಿದವನು ನೀನೇ. ಜೀವಕೋಶ ನಿನ್ನನ್ನು ಗುಣಪಡಿಸುತ್ತಿತ್ತು ಎಂದು ನಾನು ಹೇಳಲಾರೆ, ಡಾಕ್ಟರೇ ಹೇಳಿರಲಿಲ್ಲ. ಗುಣವಾಗುತ್ತಿತ್ತೋ ಇಲ್ಲವೋ ಎಂಬುದು ಇನ್ನು ಯಾರಿಗೂ ತಿಳಿಯದಂತೆ ಮಾಡಿದವಳು ಮಾತ್ರ ನಾನು.

ಮೊನ್ನೆ ಆ ಚಿಕಿತ್ಸೆಗೆ ಹೊಸಬರನ್ನು ತೆಗೆದುಕೊಳ್ಳುತ್ತಿದ್ದಾರೆಂದು ಕೇಳಿ, ಅದು ಕೊಲ್ಲುತ್ತಿತ್ತೆನ್ನುತ್ತಿದ್ದ ನೀನೇ ಬೇರೆ ದಾರಿ ಕಾಣದೆ ಫೋನು ಮಾಡಿದೆ. ಹಿಂದೆ ತಾಳಿಕೊಳ್ಳದವರಿಗೆ ಮತ್ತೆ ಕೊಡುವುದಿಲ್ಲವೆಂದರು. ಫೋನು ಕೆಳಗಿಟ್ಟು ನೀನು ನನ್ನ ಕಡೆ ನೋಡಿ ನಕ್ಕೆ.

"ನನ್ನ ಮೈನ ಸುಮಾರ ಐತಿ ಬಿಡಕ್ಕಾ. ಯಾರಿಗೇನ ಅನ್ನೂದು."

ನಿನ್ನ ಮೈಯದೇನೂ ತಪ್ಪಿಲ್ಲ, ತಮ್ಮಾ.

ಆ ಗಂಟು ಇನ್ನೂ ಇದೆ, ಹಪ್ಪಳದ ಡಬ್ಬಿಯ ತಳದಲ್ಲಿ. ಯಾಕೆ ಬಿಸಾಡಲಿಲ್ಲವೋ... ಅದನ್ನು ಡಾಕ್ಟರ ಮೇಜಿನ ಮೇಲೆ ನಾನೇ ಇಡಬೇಕು. ಆಮೇಲೆ ಬಾಡಗಂಡಿಗೂ ಹೋಗಬೇಕು. ಹೇಳಿದ ಮೇಲೂ ಅವರು ನಿನ್ನನ್ನು ತೆಗೆದುಕೊಳ್ಳದೆ ಇರಬಹುದು. ನೀನು ನನ್ನ ಕೈಯಿಂದ ಮತ್ತೆ ಏನನ್ನೂ ಕುಡಿಯದೆ ಇರಬಹುದು.

"ಅಕ್ಕಾ, ಮಜ್ಜಗಿ ತಾ," ಎಂದು ಕರೆಯುತ್ತಿದ್ದೀ.

ಬಂದೆ. ಒಂದು ಕೈಯಲ್ಲಿ ಲೋಟ, ಇನ್ನೊಂದರಲ್ಲಿ ಗಂಟು. ಮೊದಲು ಗಂಟನ್ನು ಕೊಡುತ್ತೇನೆ. ಲೋಟವನ್ನು, ಆಮೇಲೂ ನೀನು ಕೇಳಿದರೆ.