ಇಂದ್ರವ್ವ ಎಣಿಸದ ಹೆರಿಗೆಗಳು

ಜಿಲ್ಲಾ ಪ್ರಶಸ್ತಿಯ ಅರ್ಜಿಯಲ್ಲಿ ಒಂದೇ ಕಾಲಂ ಖಾಲಿ ಉಳಿದಿತ್ತು: ‘ಮಾಡಿಸಿದ ಹೆರಿಗೆಗಳ ಸಂಖ್ಯೆ’. ಅರ್ಜಿ ಸಂಜೆ ಐದರೊಳಗೆ ಹುಕ್ಕೇರಿಯ ಕಚೇರಿಗೆ ಮುಟ್ಟಬೇಕು. ಬೆಲ್ಲದ ಬಾಗೇವಾಡಿಯ ಸೂಲಗಿತ್ತಿ ಇಂದ್ರವ್ವ ಮಾತ್ರ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು.

“ಅಂದಾಜರೆ ಹೇಳ ಆಯಿ,” ಮೊಮ್ಮಗಳು ದೀಪಾ ಗೋಗರೆದಳು.

“ಹುಟ್ಟಿದ ಕೂಸು ಎಣಸಬಾರದವ್ವಾ, ದೃಷ್ಟಿ ಆಗತೈತಿ. ಕೆಲಸ ಕಲಸುವಾಗ ನಮ್ಮತ್ತಿ ಆಣಿ ಮಾಡಿಸ್ಯಾಳ.”

“ಐನೂರು ಅಂತ ಬರೀಲೇನು?”

“ನನ್ನ ಹೆಸರಲೆ ಸುಳ್ಳ ಬರದಿ ಅಂದ್ರ ಕೈ ಮುರೀತೇನಿ!”

ದೀಪಾ ಆ ಮನೆಯ ಮೊದಲ ಪದವೀಧರೆ. ಎಲ್ಲರೂ ಹೆರಿಗೆಗೆ ಆಸ್ಪತ್ರೆಗೆ ಹೋಗತೊಡಗಿದ ಮೇಲೆ ಅಜ್ಜಿಯನ್ನು ಊರು ಮರೆತೇಬಿಟ್ಟಿತೆಂದು ಅವಳಿಗೆ ಸಂಕಟ. ಒಮ್ಮೆಯಾದರೂ ನಾಲ್ಕು ಜನರ ಮುಂದೆ ಆ ಹೆಸರು ಕೂಗಬೇಕು. ಸಾಕ್ಷಿಯ ಪತ್ರವಾದರೂ ಇರಲಿ ಎಂದು ಬಸ್ಸು ಹತ್ತಿ, ಹಿಂದೆ ಅಜ್ಜಿ ಹೆರಿಗೆ ಮಾಡಿಸಿದ್ದ ಹತ್ತರಗಿಯ ಶಂಕ್ರವ್ವನ ಮನೆಗೆ ಹೋದಳು.

“ಎರಡ ದಿನ ಬ್ಯಾನಿ ತಿಂದೇನಿ. ನಿಮ್ಮಾಯಿ ಬರಲಿಲ್ಲಂದ್ರ ನಾನೂ ಇಲ್ಲ, ಮಗಳೂ ಇಲ್ಲ,” ಎಂದ ಶಂಕ್ರವ್ವ ಓಣಿಯ ಕಡೆ ಮುಖ ಮಾಡಿ ಮಗಳನ್ನು ಕೂಗಿದಳು, “ಏ ಇಂದ್ರಾ!”

ಮೂರು ಬಾಗಿಲುಗಳಿಂದ ಉತ್ತರ ಬಂತು. ಒಬ್ಬಳ ಕೈಯೆಲ್ಲ ಜೋಳದ ಹಿಟ್ಟು, ಒಬ್ಬಳ ಕಂಕುಳಲ್ಲಿ ಕೂಸು, ಇನ್ನೊಬ್ಬಳ ತಲೆ ಆಗಲೇ ನರೆತಿತ್ತು.

ದೀಪಾ ಒಬ್ಬೊಬ್ಬರನ್ನೇ ನೋಡಿದಳು. “ಮೂವರೂ ಇಂದ್ರಾನ?”

“ಕೂಸು ಉಳಿಯೂದಿಲ್ಲ ಅನ್ನೂವಾಗ ಉಳಿಸಿದಾಕಿ ಹೆಸರ ಇಡೂದು ನಮ್ಮೂರ ರೂಢಿ. ಮ್ಯಾಲಿನ ಓಣ್ಯಾಗ ಇನ್ನೂ ಅದಾರ, ನಡಿ.”

ಮೂರು ಗಂಟೆಯ ಹೊತ್ತಿಗೆ ಹಾಳೆಯ ತುಂಬ ಸಹಿಗಳಾದವು. ಎಲ್ಲರ ಹೆಸರೂ ಇಂದ್ರಾ. ಗುರುತಿಗೆಂದು ದೀಪಾ ಪ್ರತಿಯೊಬ್ಬಳ ತಾಯಿಯ ಹೆಸರನ್ನು ಪಕ್ಕದಲ್ಲಿ ಬರೆದುಕೊಂಡಳು. ಕಚೇರಿಗೊಂದು, ತನಗೊಂದು ಪ್ರತಿ.

“ಇಲ್ಲಿ ಅಂಕಿ ಬೇಕ್ರಿ, ಹೆಸರಲ್ಲ,” ಎಂದ ಹುಕ್ಕೇರಿಯ ಗುಮಾಸ್ತ. ಆಮೇಲೆ ಹಾಳೆಯ ಮೇಲೆ ಬೆರಳಾಡಿಸುತ್ತ ಕೊನೆಯ ಸಾಲಿನ ತನಕ ಹೋದ. “ತಗೋತೇನ್ರಿ. ಮ್ಯಾಲಿನವರು ಒಪ್ಪತಾರೋ ಇಲ್ಲೋ, ಹೇಳಾಕ ಬರೂದಿಲ್ಲ.” ಠಸ್ಸೆ ಬಿತ್ತು.

ಮುಸ್ಸಂಜೆಗೆ ಕಟ್ಟೆಯ ಮೇಲೆ ಕೂತು ದೀಪಾ ತನ್ನ ಪ್ರತಿಯನ್ನು ಗಟ್ಟಿಯಾಗಿ ಓದಿದಳು. “ಇಂದ್ರಾ, ತಾಯಿ ಮಾಲಾ.”

ಶೇಂಗಾ ಸುಲಿಯುತ್ತಿದ್ದ ಇಂದ್ರವ್ವನ ಕೈ ನಿಂತಿತು. “ಕಾಲ ಮುಂದ ಮಾಡಿ ಬಂದಾಕಿ.”

“ಇಂದ್ರಾ, ತಾಯಿ ಸುಮನ್.”

“ಕೊರಳಿಗೆ ಹೊಕ್ಕಳಬಳ್ಳಿ ಸುತ್ತಿತ್ತು. ಅತ್ತಿರಲಿಲ್ಲ. ಉಸಿರ ಊದಿದ್ನಿ.”

ಒಂದೂ ತಪ್ಪಲಿಲ್ಲ. ಮಳೆ, ಕತ್ತಲೆ, ನೋವಿನಲ್ಲಿ ಬಸುರಿ ಕಚ್ಚಿದ ಕೈ, ಎಲ್ಲ ನೆನಪಿತ್ತು. ಅತ್ತಿತ್ತ ಹೋಗುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ಬಂದು ನಿಂತರು. ದೀಪಾ ಓದು ನಿಲ್ಲಿಸಿ ಅವರನ್ನೇ ನೋಡತೊಡಗಿದಳು.

“ಯಾಕ ನಿಂತಿ?” ಎಂದಳು ಇಂದ್ರವ್ವ. “ಮುಂದಿನಾಕಿ ಯಾರು?”