ತುಟಿ ಊತಕ್ಕೆ ಕಾರಣ ಬೇಕು

ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಹತ್ತೊಂಬತ್ತು ವರ್ಷದಿಂದ ಕೂತವಳಿಗೆ ಎಲ್ಲರೂ ಇಟ್ಟ ಹೆಸರು ಪ್ರಶ್ನೆಯಕ್ಕ. ಡಾಕ್ಟರು ಬರೆದ ಕಾಯಿಲೆಗೆ ಸರಿಯಾದ ಸಂಕೇತ ಸಂಖ್ಯೆ, ಅಂದರೆ ಕೋಡ್, ಹಾಕುವುದು ಅವಳ ಕೆಲಸ. ಅರ್ಧಂಬರ್ಧ ಬರೆದ ಕಡತಕ್ಕೆ ಪ್ರಶ್ನೆಯ ಚೀಟಿ ಅಂಟಿಸಿ ವಾಪಸ್ ಕಳಿಸುವುದು ಅವಳ ಚಟ. ದೊಡ್ಡ ದೊಡ್ಡ ಡಾಕ್ಟರುಗಳೂ ಅವಳನ್ನು ಕಂಡರೆ ದಾರಿ ಬದಲಿಸುತ್ತಿದ್ದರು. ಅದರಲ್ಲಿ ಅವಳಿಗೆ ಒಳಗೊಳಗೇ ಖುಷಿಯೂ ಇತ್ತೆನ್ನಿ.

ಒಂದು ಬೆಳಿಗ್ಗೆ ನಿವೃತ್ತ ಬಸ್ ಚಾಲಕರೊಬ್ಬರ ಕಡತ ಬಂತು. ಒಳಗೆ ಬರೆದದ್ದು 'ತುಟಿ ಊತ', ಅಷ್ಟೇ. ಬರೀ ಊತಕ್ಕೂ ಒಂದು ಕೋಡ್ ಇದೆ, ಹಾಕಿ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಎರಡು ತಿಂಗಳಲ್ಲಿ ಇದು ಮೂರನೇ ಸಲ. ಮೊದಲ ಡಾಕ್ಟರು ಹುಳ ಕಚ್ಚಿರಬಹುದೆಂದಿದ್ದರು, ಎರಡನೆಯವರು ಊಟದ ದೋಷವೆಂದಿದ್ದರು. ಈ ಸಲ ನಾಲಿಗೆಯೂ ಊದಿ ಉಸಿರಿಗೇ ಸಂಚಕಾರ ಬಂದು ವಾರ್ಡಿಗೆ ಸೇರಿಸಿದ್ದರು. ಮಧ್ಯಾಹ್ನ ಮನೆಗೆ ಕಳಿಸುವವರಿದ್ದರು.

ಮೂರೂ ಸಲದ ಹಾಳೆಗಳು ಒಟ್ಟಿಗೆ ಬಿಚ್ಚಿಕೊಂಡದ್ದು ಅವಳ ಮೇಜಿನ ಮೇಲೆ ಮಾತ್ರ. ಮೊದಲ ಊತಕ್ಕೆ ಒಂದು ವಾರ ಮುಂಚೆ ಹೊಸದಾಗಿ ರಕ್ತದೊತ್ತಡದ ಮಾತ್ರೆ ಶುರುವಾಗಿತ್ತು. ಅಂಥದೇ ಮಾತ್ರೆಯಿಂದ ತುಟಿ ಊದಿದ್ದಕ್ಕೆ ಅವಳು ಹಿಂದೆಯೂ ಕೋಡ್ ಹಾಕಿದ್ದಳು. ಹೇಳಿಬಿಡಲು ನಾಲಿಗೆ ತುರಿಸಿತು. ಆದರೆ ಕಾರಣವನ್ನು ಡಾಕ್ಟರ ಬಾಯಿಗೆ ತುರುಕುವಂತಿಲ್ಲ. ಕೇಳಬಹುದು, ಹೇಳಬಾರದು, ಅವಳ ಕೆಲಸದ ಕಟ್ಟಪ್ಪಣೆ ಅದು. ಹಾಳೆಗಳನ್ನೂ ಔಷಧಿ ಪಟ್ಟಿಯನ್ನೂ ತಾರೀಖಿನ ಪ್ರಕಾರ ಜೋಡಿಸಿ, 'ಮೂರು ಸಲ ಊತ. ಕಾರಣ ಬರೆಯಿರಿ' ಎಂದು ಚೀಟಿ ಅಂಟಿಸಿ, ಮಂಡಿನೋವನ್ನೂ ಮರೆತು ತಾನೇ ಮೂರು ಮಹಡಿ ಹತ್ತಿದಳು.

ಈ ಸಲ ನೋಡಿದ್ದ ಡಾಕ್ಟರಮ್ಮ ಮೊದಲು ಸಿಡುಕಿದರು, ಊತವೆಂದರೆ ಊತ, ಇನ್ನೇನು ಬರೆಯಲಿ ಎಂದರು. ಹಾಳೆ ತಿರುವುತ್ತಾ ಮಾತ್ರೆ ಶುರುವಾದ ತಾರೀಖಿನ ಮೇಲೆ ಬೆರಳಿಟ್ಟರು. ಆ ಕ್ಷಣವೇ ವಾರ್ಡಿಗೆ ಫೋನ್ ಮಾಡಿ ಮಾತ್ರೆ ನಿಲ್ಲಿಸಿ, ಬೇರೆಯದು ಬರೆದುಕೊಟ್ಟು, ಕಡತದಲ್ಲಿ ಕಾರಣವನ್ನೂ ತುಂಬಿದರು. ಪ್ರಶ್ನೆಯಕ್ಕನಿಗೆ ಕುಣಿಯುವಷ್ಟು ಸಂತೋಷವಾಯಿತು.

ಎರಡು ದಿನ ಬಿಟ್ಟು ಚಾಲಕರು ಹೆಂಡತಿಯ ಜೊತೆ ಕಾಗದಪತ್ರ ಪಡೆಯಲು ದಾಖಲೆ ಕೋಣೆಯ ಕಿಟಕಿಗೆ ಬಂದರು. ಊಟದ ದೋಷ ಎಂದು ಕೇಳಿದ ದಿನದಿಂದ ಆ ಹೆಂಗಸು, ಪಾಪ, ಒಂದೊಂದೇ ಪದಾರ್ಥ ಬಿಡುತ್ತಾ ಬಂದು, ಗಂಡನಿಗೆ ಬೇಯಿಸಿದ ಸಪ್ಪೆ ತರಕಾರಿಯನ್ನಷ್ಟೇ ಬಡಿಸುತ್ತಿದ್ದರು.

"ನನ್ನ ಅಡುಗೆಯಿಂದ ಅಂತ ಬರ್ದಿದಾರೇನಮ್ಮಾ?" ಎಂದು ಮೆಲ್ಲಗೆ ಕೇಳಿದರು.

ಪ್ರಶ್ನೆಯಕ್ಕ ಕಾಗದ ತೆಗೆದು ಓದಿದಳು, "ಇಲ್ಲಮ್ಮ. ಮಾತ್ರೆಯಿಂದ ಅಂತ ಬರ್ದಿದಾರೆ."

"ಇನ್ನೊಂದ್ಸಲ ಓದು ತಾಯಿ. ಸ್ವಲ್ಪ ಜೋರಾಗಿ, ಇವ್ರಿಗೂ ಕೇಳ್ಲಿ."

ಅವಳು ಮತ್ತೆ ಓದಿದಳು. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು ಗಂಡನತ್ತ ತಿರುಗಿ, ಸಂಜೆಗೆ ಏನು ಮಾಡಲಿ ಎಂದು ಕೇಳಿದರು. ಚಾಲಕರು ಅಲ್ಲಿ ಶುರುಮಾಡಿದ ಪಟ್ಟಿ ಗೇಟು ದಾಟಿದರೂ ಮುಗಿದಿರಲಿಲ್ಲ.